ಬೊಜ್ಜು ಮೈಯೂ ಬಿಸಿಲಿನ ಸತ್ತ್ವವೂ



ನಮ್ಮ ಪರಿಚಿತರೊಬ್ಬರುಂಟು. ವಯಸ್ಸು ನಲವತ್ತೆಂಟು, ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ, ಊಟದಲ್ಲಿ ರುಚಿ, ನಡಿಗೆಯಲ್ಲಿ ಅರುಚಿ. ಹತ್ತು ವರ್ಷಗಳಿಂದ ಅವರ ನಡುವಿನ ಸುತ್ತಳತೆ ಬೆಳೆಯುತ್ತ ಬಂದುದನ್ನು ಅವರಿಗಿಂತ ಮೊದಲು ಅವರ ದರ್ಜಿಯೇ ಬಲ್ಲನು. ಈಚೆಗೆ ರಕ್ತವನ್ನು ಪರೀಕ್ಷೆಮಾಡಿಸಿದಾಗ ಎರಡು ಸಂಗತಿಗಳು ಗೊತ್ತಾದುವು. ರಕ್ತದಲ್ಲಿನ ಸಕ್ಕರೆಯು ಮಧುಮೇಹದ ಹೊಸ್ತಿಲಿಗೆ ಬಂದು ನಿಂತಿದೆ ಎಂಬುದು ಒಂದು. ಜೀವಸತ್ತ್ವ ಡಿ ಎಂಬ ವಸ್ತುವು ಇರಬೇಕಾದುದಕ್ಕಿಂತ ಬಹಳ ಕಡಮೆಯಾಗಿದೆ ಎಂಬುದು ಇನ್ನೊಂದು. ವೈದ್ಯರು ವಾರಕ್ಕೊಂದರಂತೆ ಎಂಟು ವಾರ ಸೇವಿಸಲು ಪುಡಿಯ ಪೊಟ್ಟಣಗಳನ್ನು ಬರೆದುಕೊಟ್ಟರು. ದಿನವೂ ನಡೆಯಬೇಕು, ಅನ್ನವನ್ನೂ ಕರಿದ ತಿಂಡಿಯನ್ನೂ ಕಡಮೆಮಾಡಬೇಕು ಎಂದೂ ಹೇಳಿದರು. ನಮ್ಮ ಮಿತ್ರರು ಈ ಎರಡು ಉಪದೇಶಗಳಲ್ಲಿ ಸುಲಭವಾದುದನ್ನು ಆರಿಸಿಕೊಂಡರು. "ಎಲ್ಲಕ್ಕೂ ಮೂಲ ಈ ಕೊರತೆಯೇ ಅಂತೆ. ಇದು ತುಂಬಿತೆಂದರೆ ಸಕ್ಕರೆಯೂ ಇಳಿಯುತ್ತೆ, ಹೊಟ್ಟೆಯೂ ಇಳಿಯುತ್ತೆ" ಎಂದು ನಮಗೆ ಸಮಾಧಾನ ಹೇಳಿದರು. ಎಂಟು ವಾರ ಕಳೆದ ಮೇಲೂ ಪೊಟ್ಟಣವನ್ನು ಬಿಡಲಿಲ್ಲ. ವಾರಕ್ಕೆ ಒಂದಿದ್ದುದು ಎರಡಾಯಿತು. ನಡಿಗೆ ಮಾತ್ರ ಮುಂದಿನ ತಿಂಗಳಿಗೆ ಮುಂದಿನ ತಿಂಗಳಿಗೆ ಎಂದು ಹಿಂದೆ ಬಿದ್ದಿತು.

ಅವರು ನಂಬಿದುದು ನಿಜವೆ? ಬೊಜ್ಜು ಬೆಳೆದ ಗಂಡಸರಿಗೆ ಜೀವಸತ್ತ್ವ ಡಿಯನ್ನು ಕೊಟ್ಟರೆ ಅವರ ದೇಹದ ಚಯಾಪಚಯ ಕ್ರಮ, ಎಂದರೆ ತಿಂದುದನ್ನು ಒಡಲು ಶಕ್ತಿಯಾಗಿ ಮಾರ್ಪಡಿಸಿ ಬಳಸುವ ಮತ್ತು ಕೂಡಿಡುವ ವ್ಯವಸ್ಥೆ, ಸರಿಹೋಗುವುದೆ? ಈ ಪ್ರಶ್ನೆಯನ್ನು ಇಂದು ವಿಚಾರಮಾಡೋಣ. ಈ ಚಿಕ್ಕ ತಪ್ಪು ತಿಳಿವಳಿಕೆಯಿಂದ ಒಬ್ಬ ಸಂಸಾರಸ್ಥನು ತನ್ನ ಆಯುಷ್ಯದ ಕೆಲವು ಅಮೂಲ್ಯ ವರ್ಷಗಳನ್ನು ಕಳೆದುಕೊಳ್ಳಬಹುದಾದುದರಿಂದ ಇದು ಕೇವಲ ಪಂಡಿತರ ಚರ್ಚೆಯಲ್ಲ.

ಮೊದಲು ಈ ವಸ್ತುವಿನ ಪರಿಚಯ. ಯೂರೋಪಿನ ಹೊಗೆ ಕವಿದ ಪಟ್ಟಣಗಳಲ್ಲಿ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುವ ರಿಕೆಟ್ಸ್ ಎಂಬ ಎಲುಬಿನ ರೋಗವು ಬಹುಕಾಲ ಪೀಡಿಸುತ್ತಿದ್ದಿತು. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್ಬಿ ಎಂಬವರು ನಾಯಿಮರಿಗಳಲ್ಲಿ ಆಹಾರಭೇದದಿಂದ ಈ ರೋಗವನ್ನುಂಟುಮಾಡಿ, ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ಅದನ್ನು ತಡೆಯಬಹುದೆಂದು ತೋರಿಸಿದರು. ಅದೇ ವರ್ಷ ಬರ್ಲಿನ್ ನಗರದಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯರು ರೋಗಿಗಳಾದ ಮಕ್ಕಳ ಮೈಮೇಲೆ ಪಾದರಸದ ದೀಪದ ಕಿರಣಗಳನ್ನು ಬೀರಿ ಅದೇ ರೋಗವನ್ನು ಗುಣಪಡಿಸಿದರು. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಬೆಳಕು. ಫಲ ಮಾತ್ರ ಒಂದೇ. ಎಣ್ಣೆಯಲ್ಲಿದ್ದ ಆ ವಸ್ತುವಿಗೆ 1922ರಲ್ಲಿ ಅಮೆರಿಕದ ಮೆಕ್‌ಕಾಲಮ್ ಎಂಬವರು ಡಿ ಎಂಬ ಅಕ್ಷರವನ್ನು ಹೆಸರಾಗಿ ಇಟ್ಟರು. ಈ ಬಗೆಯ ವಸ್ತುಗಳ ರಚನೆಯನ್ನು ಶೋಧಿಸಿದ ಜರ್ಮನಿಯ ಅಡಾಲ್ಫ್ ವಿಂಡೌಸ್ ಅವರಿಗೆ 1928ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇಂದಿನ ತಿಳಿವಳಿಕೆಯಂತೆ ಇದರ ಕಥೆ ಹೀಗಿದೆ. ನಮ್ಮ ಚರ್ಮದಲ್ಲಿ ಕೊಲೆಸ್ಟರಾಲಿಗೆ ಹತ್ತಿರದ ಸಂಬಂಧವುಳ್ಳ ಒಂದು ಪದಾರ್ಥವಿದೆ. ಸೂರ್ಯನ ಬೆಳಕಿನಲ್ಲಿ ನೇರಳೆಯಾಚೆಗಿನ ಒಂದು ಬಗೆಯ ಕಿರಣವು ತಾಕಿದಾಗ ಅದು ಜೀವಸತ್ತ್ವ ಡಿಯಾಗಿ ಮಾರ್ಪಡುವುದು. ಅನಂತರ ರಕ್ತದ ಮೂಲಕ ಯಕೃತ್ತನ್ನು ಸೇರಿ ಒಂದು ಸಂಸ್ಕಾರವನ್ನೂ, ಮೂತ್ರಪಿಂಡವನ್ನು ಸೇರಿ ಇನ್ನೊಂದು ಸಂಸ್ಕಾರವನ್ನೂ ಪಡೆಯುವುದು. ಹೀಗೆ ಎರಡು ಸಂಸ್ಕಾರಗಳಾದ ಮೇಲೆಯೇ ಅದಕ್ಕೆ ಪೂರ್ಣ ಶಕ್ತಿ. ಕರುಳು ಆಹಾರದಿಂದ ಸುಣ್ಣದಂಶವನ್ನೂ ರಂಜಕವನ್ನೂ ಹೀರಿಕೊಳ್ಳುವಂತೆ ಮಾಡುವುದು ಇದರ ಮುಖ್ಯ ಕಾರ್ಯ. ಎಲುಬಿನ ದಾರ್ಢ್ಯವು ಇದರ ಕೈಯಲ್ಲಿದೆ ಎನ್ನಬಹುದು. ವೈದ್ಯಶಾಲೆಯಲ್ಲಿ ಅಳೆಯುವುದು ಯಕೃತ್ತಿನಿಂದ ಹೊರಟ ಮೊದಲ ಸಂಸ್ಕಾರದ ರೂಪವನ್ನು.

ಈಗ ಬೊಜ್ಜಿನ ವಿಷಯಕ್ಕೆ ಬರೋಣ. ಸ್ಥೂಲಕಾಯರ ರಕ್ತದಲ್ಲಿ ಈ ಸತ್ತ್ವವು ಕಡಮೆಯಾಗಿರುವುದೆಂಬುದು ಎಷ್ಟೋ ದೇಶಗಳಲ್ಲಿ ಕಂಡುಬಂದ ಮಾತು, ಅದರಲ್ಲಿ ವಿವಾದವಿಲ್ಲ. ಕಾರಣವೇನು? ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಪ್ರಯೋಗವು ಇದಕ್ಕೆ ಉತ್ತರ ಹೇಳುತ್ತದೆ. ಸ್ಥೂಲರನ್ನೂ ತೆಳ್ಳಗಿನವರನ್ನೂ ಒಂದೇ ಅಳತೆಯ ಕಿರಣಗಳಿಗೆ ಒಡ್ಡಿದರು. ಇಬ್ಬರ ಚರ್ಮದಲ್ಲಿಯೂ ಮೂಲಪದಾರ್ಥವು ಸಮನಾಗಿಯೇ ಇದ್ದಿತು. ಆದರೂ ರಕ್ತದಲ್ಲಿ ಆದ ಏರಿಕೆಯು ಸ್ಥೂಲರಲ್ಲಿ ಶೇಕಡ 57ರಷ್ಟು ಕಡಮೆ! ತಯಾರಾದ ಸರಕು ಎಲ್ಲಿ ಹೋಯಿತು? ಜೀವಸತ್ತ್ವ ಡಿ ಎಣ್ಣೆಯಲ್ಲಿ ಕರಗುವ ವಸ್ತು. ಕೊಬ್ಬು ಹೆಚ್ಚಿರುವ ಮೈಯಲ್ಲಿ ಅದು ಕೊಬ್ಬಿನೊಳಕ್ಕೆ ಸೇರಿ ಅಡಗುವುದು. ಅದಲ್ಲದೆ ದೊಡ್ಡ ಮೈಯಲ್ಲಿ ಅದು ಹರಡಿಕೊಳ್ಳಬೇಕಾದ ಸ್ಥಳವೂ ದೊಡ್ಡದು. ಒಂದು ಚಮಚ ಉಪ್ಪನ್ನು ತಂಬಿಗೆಯ ನೀರಿಗೆ ಹಾಕಿದರೆ ನಾಲಗೆಗೆ ತಿಳಿಯುವುದು. ಹಂಡೆಗೆ ಹಾಕಿದರೆ ತಿಳಿಯದು. ಉಪ್ಪು ಕಳೆದುಹೋಗಿಲ್ಲ, ಹಂಡೆ ದೊಡ್ಡದು, ಅಷ್ಟೆ.

ಇಲ್ಲಿಯೇ ನಮ್ಮ ಮಿತ್ರರ ತರ್ಕವು ಎಡವಿದ್ದು. ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದಾಗ ಯಾವುದು ಕಾರಣ, ಯಾವುದು ಕಾರ್ಯ ಎಂಬುದನ್ನು ಬೇರೆಯಾಗಿ ವಿಚಾರಿಸಬೇಕು. ಮಳೆ ಬಂದಾಗ ಕೊಡೆಗಳು ಕಾಣಿಸುವುವೆಂದು ಕೊಡೆಯನ್ನು ಬಿಚ್ಚಿ ಮಳೆಯನ್ನು ಬರಿಸುವವರುಂಟೆ? ಬೊಜ್ಜಿನಿಂದ ಸತ್ತ್ವವು ಕುಂದುವುದೊ, ಸತ್ತ್ವವು ಕುಂದಿದುದರಿಂದ ಬೊಜ್ಜು ಬರುವುದೊ? ಇದನ್ನು ನಿರ್ಣಯಿಸಲು 2013ರಲ್ಲಿ ಪ್ರಕಟವಾದ ಒಂದು ಮಹಾ ಸಮೀಕ್ಷೆಯಲ್ಲಿ ವಿದ್ವಾಂಸರು ಒಂದು ಜಾಣ್ಮೆಯ ಉಪಾಯವನ್ನು ಬಳಸಿದರು. ಕೆಲವರಿಗೆ ಹುಟ್ಟಿನಿಂದಲೇ ಬೊಜ್ಜಿನ ಕಡೆಗೆ ಎಳೆಯುವ ವಂಶಗುಣಗಳಿರುತ್ತವೆ. ಕೆಲವರಿಗೆ ಜೀವಸತ್ತ್ವ ಡಿಯನ್ನು ಕಡಮೆಮಾಡುವ ವಂಶಗುಣಗಳಿರುತ್ತವೆ. ಇವು ತಾಯಿತಂದೆಗಳಿಂದ ಬಂದುವು. ನಡತೆಯಿಂದಾಗಲಿ ರೋಗದಿಂದಾಗಲಿ ಬದಲಾಗುವುವಲ್ಲ. 42,024 ಜನರಲ್ಲಿ ಇವನ್ನು ಹೋಲಿಸಿ ನೋಡಿದಾಗ, ಬೊಜ್ಜಿನ ವಂಶಗುಣವುಳ್ಳವರಲ್ಲಿ ಸತ್ತ್ವವು ಕಡಮೆಯಾಗಿಯೇ ಇದ್ದಿತು. ಸತ್ತ್ವವನ್ನು ಕುಂದಿಸುವ ವಂಶಗುಣವುಳ್ಳವರಲ್ಲಿ ಬೊಜ್ಜು ಹೆಚ್ಚಿರಲಿಲ್ಲ. ಎಂದರೆ ದಾರಿಯು ಬೊಜ್ಜಿನಿಂದ ಕೊರತೆಗೆ ಹೋಗುವುದು. ಕೊರತೆಯಿಂದ ಬೊಜ್ಜಿಗೆ ಹೋಗುವ ದಾರಿಯು ಕಂಡುಬರಲಿಲ್ಲ.

ಆದರೂ ಒಂದು ಆಶೆ ಉಳಿಯುತ್ತದೆ. ಬೊಜ್ಜಿಗೆ ಕಾರಣವಲ್ಲದಿದ್ದರೇನು, ಬೊಜ್ಜಿನಿಂದಾಗುವ ಕೇಡನ್ನಾದರೂ ತಡೆಯಬಹುದಲ್ಲವೆ? ಗಂಡಸರಲ್ಲಿ ಕೊಬ್ಬು ಸಾಮಾನ್ಯವಾಗಿ ಹೊಟ್ಟೆಯೊಳಗೆ, ಕರುಳು ಯಕೃತ್ತುಗಳ ಸುತ್ತ ಶೇಖರವಾಗುವುದು. ಈ ಒಳಗೊಬ್ಬು ಸುಮ್ಮನೆ ಬಿದ್ದಿರುವ ಮೂಟೆಯಲ್ಲ. ಅದರಿಂದ ಹೊರಡುವ ಪದಾರ್ಥಗಳು ಯಕೃತ್ತಿನಲ್ಲಿ ಕೊಬ್ಬನ್ನು ತುಂಬಿ, ಇನ್ಸುಲಿನ್ ರಸದ ಆಜ್ಞೆಯನ್ನು ಒಡಲು ಕೇಳದಂತೆ ಮಾಡುವುವು. ಆಗ ಮೇದೋಜ್ಜೀರಕ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನನ್ನು ಒದಗಿಸುತ್ತ ದುಡಿದು ಕಡೆಗೆ ಸೋಲುವುದು. ಮಧುಮೇಹವು ಕಾಣಿಸುವುದು ಆಗ. ಇನ್ಸುಲಿನನ್ನು ಒದಗಿಸುವ ಆ ಕಣಗಳಲ್ಲಿಯೂ ಜೀವಸತ್ತ್ವ ಡಿಯನ್ನು ಗುರುತಿಸುವ ಅಂಗಗಳಿವೆ. ಆದುದರಿಂದ ಅದನ್ನು ಕೊಟ್ಟು ನೋಡಬೇಕೆಂದು ವಿದ್ವಾಂಸರಿಗೆ ತೋರಿದುದು ಸಹಜವೇ.

ಕೊಟ್ಟು ನೋಡಿದರು. ನಮ್ಮ ದೇಶದಲ್ಲಿಯೇ ದೆಹಲಿಯಲ್ಲಿ ನಡೆದ ಒಂದು ಪರೀಕ್ಷೆಯು 2009ರಲ್ಲಿ ಪ್ರಕಟವಾಯಿತು. ಮಧುಮೇಹವಿಲ್ಲದ, ಆದರೆ ಹೊಟ್ಟೆಯ ಬೊಜ್ಜುಳ್ಳ ನಡುವಯಸ್ಸಿನ ನೂರು ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹದಿನೈದು ದಿನಕ್ಕೊಮ್ಮೆ 1,20,000 ಯೂನಿಟ್ಟುಗಳಂತೆ ಮೂರು ಸಲ ಜೀವಸತ್ತ್ವ ಡಿ. ಇನ್ನೊಂದು ಗುಂಪಿಗೆ ನೋಡಲು ಅದರಂತೆಯೇ ಇರುವ, ಸತ್ತ್ವವಿಲ್ಲದ ಹುಸಿಮದ್ದು. ಯಾರಿಗೆ ಯಾವುದು ಎಂಬುದು ಕೊಟ್ಟವರಿಗೂ ತಿಳಿಯದು, ತೆಗೆದುಕೊಂಡವರಿಗೂ ತಿಳಿಯದು. ಮನಸ್ಸಿನ ಆಶೆಯು ಫಲವನ್ನು ಬಣ್ಣಿಸದಿರಲೆಂದು ಈ ಏರ್ಪಾಡು. ಆರು ವಾರಗಳ ಮೇಲೆ, ಸಕ್ಕರೆಯ ನೀರು ಕುಡಿದ ಅನಂತರ ಇನ್ಸುಲಿನ್ ಕೆಲಸಮಾಡುವ ರೀತಿಯು ಸತ್ತ್ವ ಪಡೆದವರಲ್ಲಿ ಸ್ವಲ್ಪ ಉತ್ತಮವಾಗಿ ಕಂಡಿತು. ಆದರೆ ಉಪವಾಸದ ರಕ್ತದಿಂದ ಲೆಕ್ಕಹಾಕುವ ಇನ್ಸುಲಿನ್ ಅಳತೆಗಳಲ್ಲಿ ಭೇದವು ಕಾಣಲಿಲ್ಲ. ಕಡೆಯವರೆಗೆ ನಿಂತವರು 71 ಮಂದಿ ಮಾತ್ರ. ಇದು ಆಶೆಗೆ ಎಡೆಕೊಡುವ ಸೂಚನೆ, ನಿರ್ಣಯವಲ್ಲ.

ನಾರ್ವೆ ದೇಶದ ತ್ರೊಮ್ಸೊ ನಗರದಲ್ಲಿ ನಾನೂರಕ್ಕೂ ಹೆಚ್ಚು ಸ್ಥೂಲಕಾಯರಿಗೆ ಒಂದು ವರ್ಷಕಾಲ, ಕೆಲವರಿಗೆ ವಾರಕ್ಕೆ 40,000 ಯೂನಿಟ್ಟುಗಳವರೆಗೆ ಕೊಟ್ಟುದಾಯಿತು. ತೂಕವು ಇಳಿಯಲಿಲ್ಲ, ಸಕ್ಕರೆಯಾಗಲಿ ರಕ್ತದ ಕೊಬ್ಬಾಗಲಿ ಸುಧಾರಿಸಲಿಲ್ಲ. ಡೆನ್ಮಾರ್ಕಿನಲ್ಲಿ 52 ಮಂದಿ ಸ್ಥೂಲಕಾಯರಿಗೆ ದಿನಕ್ಕೆ 7,000 ಯೂನಿಟ್ಟುಗಳಂತೆ 26 ವಾರ ಕೊಟ್ಟರು. ರಕ್ತದಲ್ಲಿ ಸತ್ತ್ವವು ಚೆನ್ನಾಗಿ ಏರಿತು. ಹೊಟ್ಟೆಯೊಳಗಿನ ಕೊಬ್ಬೂ ಇನ್ಸುಲಿನಿನ ಕಾರ್ಯವೂ ಇದ್ದಂತೆಯೇ ಇದ್ದುವು.

ಎಲ್ಲಕ್ಕೂ ದೊಡ್ಡ ಪರೀಕ್ಷೆಗಳಲ್ಲೊಂದು ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾಯಿತು. ಮಧುಮೇಹದ ಹೊಸ್ತಿಲಿನಲ್ಲಿದ್ದ 2,423 ಜನರು, ಎಂದರೆ ನಮ್ಮ ಮಿತ್ರರಂಥವರೇ. ಅರ್ಧದಷ್ಟು ಜನರಿಗೆ ದಿನಕ್ಕೆ 4,000 ಯೂನಿಟ್ಟುಗಳು. ಸುಮಾರು ಎರಡೂವರೆ ವರ್ಷಗಳಲ್ಲಿ, ಸತ್ತ್ವ ಸೇವಿಸಿದ 1,211 ಜನರಲ್ಲಿ 293 ಮಂದಿಗೂ, ಹುಸಿಗುಳಿಗೆ ಸೇವಿಸಿದ 1,212 ಜನರಲ್ಲಿ 323 ಮಂದಿಗೂ ಮಧುಮೇಹವು ಬಂದಿತು. ಅಂತರವು ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ಅದರೊಳಗೆ ಇನ್ನೂ ಸೂಕ್ಷ್ಮವಾಗಿ ನೋಡಿದಾಗ, ಬೊಜ್ಜು ಕಡಮೆಯಿದ್ದವರಲ್ಲಿ ಸ್ವಲ್ಪ ಪ್ರಯೋಜನವು ಕಂಡಂತಾಯಿತು. ಬೊಜ್ಜು ಹೆಚ್ಚಿದ್ದವರಲ್ಲಿ ಬಹುಮಟ್ಟಿಗೆ ಏನೂ ಕಾಣಲಿಲ್ಲ. ಯಾರಿಗೆ ಇದರ ಅಗತ್ಯವು ಹೆಚ್ಚೆಂದು ನಾವು ಎಣಿಸುವೆವೊ ಅವರಿಗೇ ಇದು ಕಡಮೆ ಒದಗುವುದೆಂದಾಯಿತು!

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಅಮೆರಿಕ, ನಾರ್ವೆ, ಜಪಾನುಗಳಲ್ಲಿ ನಡೆದ ಈ ಬಗೆಯ ಮೂರು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2023ರಲ್ಲಿ ಲೆಕ್ಕಹಾಕಿದಾಗ, ಹೊಸ್ತಿಲಿನಲ್ಲಿರುವವರಿಗೆ ಮಧುಮೇಹವು ಬರುವ ಸಂಭವವು ಶೇಕಡ 15ರಷ್ಟು ತಗ್ಗಿದುದು ಕಂಡಿತು. ಬಿಡಿಸಿ ಹೇಳುವುದಾದರೆ, ನೂರು ಜನರು ಮೂರು ವರ್ಷ ಸೇವಿಸಿದರೆ ಸುಮಾರು ಮೂವರಿಗೆ ರೋಗವು ತಪ್ಪಬಹುದು. ಇದನ್ನು ಗಣಿಸಿಯೇ ಅಮೆರಿಕದ ಗ್ರಂಥಿರೋಗ ತಜ್ಞರ ಸಂಘವು 2024ರಲ್ಲಿ, ಮಧುಮೇಹದ ಅಪಾಯವು ಹೆಚ್ಚಿರುವ ಇಂಥವರಿಗೆ ನಡೆನುಡಿಯ ಸುಧಾರಣೆಯೊಂದಿಗೆ ಈ ಸತ್ತ್ವವನ್ನೂ ಕೊಡಬಹುದೆಂದು ಸೂಚಿಸಿತು. "ಒಂದಿಗೆ" ಎಂಬ ಪ್ರತ್ಯಯವನ್ನು ಶ್ರೋತೃಗಳು ಗಮನಿಸಬೇಕು. "ಬದಲಾಗಿ" ಎಂದು ಅವರು ಹೇಳಲಿಲ್ಲ. ಬೊಜ್ಜಿದೆ ಎಂಬ ಒಂದೇ ಕಾರಣಕ್ಕಾಗಿ ಎಲ್ಲರ ರಕ್ತದಲ್ಲಿಯೂ ಈ ಸತ್ತ್ವವನ್ನು ಅಳೆಯಬೇಕಾದುದಿಲ್ಲವೆಂದೂ ಆ ಸಂಘವೇ ಹೇಳಿದೆ.

ಗಂಡಸರ ಕಿವಿಗೆ ಬೀಳುವ ಇನ್ನೊಂದು ಪ್ರಚಾರವನ್ನೂ ಇಲ್ಲಿಯೇ ತೀರಿಸಿಬಿಡೋಣ. ಜೀವಸತ್ತ್ವ ಡಿ ಪುರುಷತ್ವದ ರಸವಾದ ಟೆಸ್ಟಾಸ್ಟರೋನನ್ನು ಹೆಚ್ಚಿಸುವುದೆಂಬ ಮಾತು. 2011ರಲ್ಲಿ ಪ್ರಕಟವಾದ ಒಂದು ಚಿಕ್ಕ ಪರೀಕ್ಷೆಯು ಹಾಗೆ ತೋರಿಸಿದ್ದು ನಿಜ. ಆದರೆ ಮುಂದೆ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ, ಆ ರಸವು ಸರಿಯಾಗಿದ್ದವರಲ್ಲಿಯೂ ಕಡಮೆಯಿದ್ದವರಲ್ಲಿಯೂ ಬೇರೆ ಬೇರೆಯಾಗಿ ಪರೀಕ್ಷಿಸಿದಾಗ ಏರಿಕೆಯು ಕಂಡುಬರಲಿಲ್ಲ. ಬೊಜ್ಜಿನಿಂದ ಕುಂದಿದ ಆ ರಸವು ಬೊಜ್ಜು ಕರಗಿದಾಗ ಏರುವುದೆಂಬುದು ಮಾತ್ರ ಖಚಿತ.

ಹಾಗಾದರೆ ಜೀವಸತ್ತ್ವ ಡಿ ನಿಷ್ಪ್ರಯೋಜಕವೆ? ಎಂದಿಗೂ ಅಲ್ಲ. ಕೊರತೆಯು ನಿಜವಾಗಿದ್ದರೆ ಅದನ್ನು ತುಂಬಲೇಬೇಕು, ಎಲುಬಿನ ಸಲುವಾಗಿ, ಸ್ನಾಯುಗಳ ಸಲುವಾಗಿ. ಸ್ಥೂಲಕಾಯರಿಗೆ ಅದೇ ಮಟ್ಟವನ್ನು ಮುಟ್ಟಿಸಲು ಇತರರಿಗಿಂತ ಎರಡು ಮೂರು ಪಟ್ಟು ಬೇಕಾಗಬಹುದೆಂದು ವೈದ್ಯರು ಬಲ್ಲರು. ಬೊಜ್ಜಿಗಾಗಿ ಹೊಟ್ಟೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡವರಿಗಂತೂ ಇದು ಅವಶ್ಯಕ. ಆದರೆ ಪ್ರಮಾಣವನ್ನು ನಿಶ್ಚಯಿಸಬೇಕಾದವರು ವೈದ್ಯರು. ನೆರೆಮನೆಯವರಲ್ಲ, ಔಷಧದಂಗಡಿಯವರೂ ಅಲ್ಲ.

ಲೆಕ್ಕವನ್ನು ನೋಡಿ. ನಮ್ಮ ದೇಶದ ಆಹಾರತಜ್ಞರು 2020ರಲ್ಲಿ ವಯಸ್ಕರಿಗೆ ವಿಧಿಸಿದ ದಿನದ ಪ್ರಮಾಣ 600 ಯೂನಿಟ್ಟು. ಅಂಗಡಿಯಲ್ಲಿ ದೊರೆಯುವ ಒಂದು ಪೊಟ್ಟಣದಲ್ಲಿ 60,000 ಯೂನಿಟ್ಟುಗಳಿವೆ, ಎಂದರೆ ನೂರು ದಿನದ ಗ್ರಾಸ! ವಾರಕ್ಕೊಂದೆಂದು ಬರೆದುದನ್ನು ದಿನಕ್ಕೊಂದೆಂದು ತಿಳಿದು ನುಂಗಿ ಆಸ್ಪತ್ರೆಯನ್ನು ಸೇರಿದವರುಂಟು. ಅತಿಯಾದಾಗ ರಕ್ತದಲ್ಲಿ ಸುಣ್ಣದಂಶವು ಏರುವುದು. ಬಾಯಾರಿಕೆ, ಓಕರಿಕೆ, ಮಲಬದ್ಧತೆ, ಪದೇಪದೇ ಮೂತ್ರ, ಮನಸ್ಸಿಗೆ ಮಂಕು, ಇವು ಚಿಹ್ನೆಗಳು. ಕಡೆಗೆ ಮೂತ್ರಪಿಂಡದಲ್ಲಿ ಕಲ್ಲು, ಮೂತ್ರಪಿಂಡಕ್ಕೇ ಹಾನಿ. ನೀರಿನಲ್ಲಿ ಕರಗುವ ಸತ್ತ್ವವು ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹರಿದುಹೋಗುವುದು; ಇದು ಕೊಬ್ಬಿನಲ್ಲಿ ಬೀಡುಬಿಡುವುದರಿಂದ, ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಕಾಡುವುದು. ಎಲುಬಿಗಾದರೂ ಅತಿಯು ಹಿತವಲ್ಲ. ಆಸ್ಟ್ರೇಲಿಯದಲ್ಲಿ ವೃದ್ಧ ಸ್ತ್ರೀಯರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ಟುಗಳನ್ನು ಒಟ್ಟಿಗೆ ಕೊಟ್ಟು ನೋಡಿದ ಪರೀಕ್ಷೆಯಲ್ಲಿ, ಅವರು ಬೀಳುವುದೂ ಮೂಳೆ ಮುರಿಯುವುದೂ ಕಡಮೆಯಾಗುವುದಕ್ಕೆ ಬದಲಾಗಿ ಹೆಚ್ಚಾಯಿತೆಂದು 2010ರಲ್ಲಿ ಪ್ರಕಟವಾಯಿತು.

ಬಿಸಿಲಿನ ವಿಷಯದಲ್ಲಿ ನಾವು ಭಾಗ್ಯವಂತರು. ಕನ್ನಡನಾಡಿನ ಮೇಲೆ ಬೇಕಾದ ಕಿರಣಗಳು ವರ್ಷವೆಲ್ಲ ಬೀಳುವುವು. ಆದರೆ ಎಳೆಬಿಸಿಲಿನಲ್ಲಿ ಆ ಕಿರಣವು ಬಹಳ ಸ್ವಲ್ಪ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿಯೇ ಅದು ಚೆನ್ನಾಗಿ ಇಳಿಯುವುದು. ಗಾಜಿನ ಕಿಟಕಿಯು ಅದನ್ನು ತಡೆಯುವುದರಿಂದ ಕಚೇರಿಯೊಳಗಿನ ಬಿಸಿಲು ಸೆಕೆಯನ್ನು ಕೊಡುವುದಲ್ಲದೆ ಸತ್ತ್ವವನ್ನು ಕೊಡದು. ಮೈಬಣ್ಣವು ಕಪ್ಪಾದಷ್ಟೂ ಹೆಚ್ಚು ಹೊತ್ತು ಬೇಕು. ಆಹಾರದಲ್ಲಿ ಬೂತಾಯಿ, ಬಂಗುಡೆಗಳಂಥ ಎಣ್ಣೆಯುಳ್ಳ ಮೀನುಗಳಲ್ಲಿಯೂ ಮೊಟ್ಟೆಯ ಹಳದಿಯಲ್ಲಿಯೂ ಇದು ಇದೆ. ಈಗ ಇದನ್ನು ಸೇರಿಸಿದ ಹಾಲೂ ಅಡಿಗೆಯ ಎಣ್ಣೆಯೂ ಮಾರಾಟಕ್ಕೆ ಬರುತ್ತಿವೆ. ರಾಗಿಯಲ್ಲಿ ಸುಣ್ಣದಂಶವು ಹೇರಳ. ಆದರೆ ಅದನ್ನು ಒಳಕ್ಕೆ ಬರಮಾಡಲು ಈ ಸತ್ತ್ವವೂ ಬೇಕು.

ಇನ್ನು ಹೊಟ್ಟೆಗೂ ಸಕ್ಕರೆಗೂ ನಿಜವಾದ ಮದ್ದು ಯಾವುದು? 2002ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ 3,234 ಜನರಿದ್ದರು. ವಾರಕ್ಕೆ 150 ನಿಮಿಷಗಳ ನಡಿಗೆಯಂಥ ಶ್ರಮ, ಮಿತವಾದ ಆಹಾರ, ತೂಕದಲ್ಲಿ ನೂರಕ್ಕೆ ಏಳು ಪಾಲು ಇಳಿಸುವ ಗುರಿ, ಇವುಗಳಿಂದ ಮಧುಮೇಹವು ಬರುವ ಸಂಭವವು ಶೇಕಡ 58ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಎಂಬ ಔಷಧದಿಂದ ಶೇಕಡ 31ರಷ್ಟು. ಅದು ಅವರ ದೇಶದ ಮಾತೆನ್ನುವಿರೊ? ನಮ್ಮ ನೆರೆಯ ಚೆನ್ನೈಯ ವೈದ್ಯರು 531 ಮಂದಿ ಭಾರತೀಯರಲ್ಲಿ ನಡೆಯಿಸಿ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿಯೂ ಆಹಾರ ವ್ಯಾಯಾಮಗಳ ಕ್ರಮದಿಂದ ಸಂಭವವು ಶೇಕಡ 28.5ರಷ್ಟು ತಗ್ಗಿತು. ಪೊಟ್ಟಣದ 15ನ್ನು ಇದರೊಡನೆ ತೂಗಿ ನೋಡಬಹುದು. ಮತ್ತೊಂದು ಲಾಭವೂ ಉಂಟು: ಕೊಬ್ಬು ಕರಗಿದಂತೆಲ್ಲ ರಕ್ತದಲ್ಲಿ ಜೀವಸತ್ತ್ವ ಡಿ ತಾನಾಗಿಯೇ ಸ್ವಲ್ಪ ಏರುವುದು. ಹಂಡೆಯು ಚಿಕ್ಕದಾದರೆ ಅದೇ ಉಪ್ಪು ನಾಲಗೆಗೆ ತಿಳಿಯುವುದಷ್ಟೆ.

ಈ ಕಾರ್ಯಕ್ಕೆ ಬೇಕಾದ ಉಪಕರಣವು ದರ್ಜಿಯ ಅಳತೆಪಟ್ಟಿ ಮಾತ್ರ. ಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟು ಅಳೆಯಬೇಕು. ಷರಾಯಿಯ ಅಳತೆಯನ್ನು ನಂಬಬಾರದು; ಅದು ಹೊಟ್ಟೆಗೆ ಸೋತು ಕೆಳಕ್ಕೆ ಇಳಿದಿರುತ್ತದೆ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರು, ಎಂದರೆ ಸುಮಾರು ಮೂವತ್ತೈದೂವರೆ ಅಂಗುಲ, ಎಚ್ಚರಿಕೆಯ ಗಡಿ. ತಿಂಗಳಿಗೊಮ್ಮೆ ಅಳೆದು ಗೋಡೆಯ ಪಂಚಾಂಗದಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ.

ನಮ್ಮ ಮಿತ್ರರು ಮತ್ತೆ ವೈದ್ಯರ ಬಳಿಗೆ ಹೋದರು. ರಕ್ತದಲ್ಲಿ ಜೀವಸತ್ತ್ವವು ತುಂಬಿತ್ತು. ಸಕ್ಕರೆಯು ಇಳಿದಿರಲಿಲ್ಲ, ನಡುವೂ ಕರಗಿರಲಿಲ್ಲ. ವೈದ್ಯರು ಪೊಟ್ಟಣವನ್ನು ನಿಲ್ಲಿಸಿದರು. ಈಗ ಅವರು ಮಧ್ಯಾಹ್ನದ ಊಟವನ್ನು ಹಗುರಮಾಡಿ, ಊಟದ ಬಿಡುವಿನಲ್ಲಿ ಕಚೇರಿಯ ಹಿಂದಿನ ಬೀದಿಯಲ್ಲಿ ತೋಳು ಮಡಿಸಿಕೊಂಡು ನಡೆಯುತ್ತಾರೆ. ಬಿಸಿಲೂ ಆಯಿತು, ನಡಿಗೆಯೂ ಆಯಿತು. ಮೊದಲ ತಿಂಗಳಲ್ಲಿ ಪಟ್ಟಿಯು ಅರ್ಧ ಅಂಗುಲ ಹಿಂದೆಗೆದಿದೆ. ಅಷ್ಟು ಸಾಕೆ ಎಂದು ಅವರು ನಮ್ಮನ್ನು ಕೇಳಿದರು. ಸಾಲದು; ಆದರೆ ದಾರಿಯು ಇದೇ ಎಂದು ನಾವು ಹೇಳಿದೆವು. ಶ್ರೋತೃಗಳಲ್ಲಿಯೂ ಅಂಥ ದಾರಿಯನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡವರು ಯಾರಾದರೂ ಇದ್ದರೆ, ನಾಳೆಯೇ ಹೊರಡಬೇಕೆಂದು ಕೇಳಿಕೊಂಡು ವಿರಮಿಸುತ್ತೇವೆ.